ಕಾರಣದ ಸಾಲು

ಕೊಟ್ಟೂರು
15 ಜೂನ್ 1998

ಅರ್ಚನಾ ಅವರಿಗೆ,

ನಿಮ್ಮ ಫ್ಲಾಪಿಯನ್ನೂ ಪತ್ರವನ್ನೂ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ದುರುಗಣ್ಣ ಶನಿವಾರವೇ ತಂದುಕೊಟ್ಟ. ಟಿಕೆಟ್ ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬಂದಿದ್ದರಿಂದ ಬಿಸಿಲು ತಾಗಿಲ್ಲ. "ಇದ್ರಾಗ ಏನೈತ್ರಿ ಸರ, ಅಕ್ಕಾರು ಹಸಿಗೂಸು ಕೊಟ್ಟಂಗ ಕೊಟ್ರು" ಅಂದ. ಐದು ತಾಲ್ಲೂಕಿನ ರಕ್ತದಾನಿಗಳನ್ನು ಹುಡುಕಿಕೊಡುವ ಪ್ರೋಗ್ರಾಮು, ಅದಕ್ಕೆ ನೀವು ಮಾಡಿದ ತಿದ್ದುಪಡಿ ಎಂದು ಹೇಳುತ್ತ ಕೂತರೆ ಬಸ್ಸು ಹೋಗಿಬಿಡುತ್ತಿತ್ತು. ಔಷಧಿ ಎಂದೆ.

ಆ ಔಷಧಿಯನ್ನು ವಾಪಸ್ಸು ಕಳಿಸುತ್ತಿದ್ದೇನೆ.

ನಿಮ್ಮ ಯೋಚನೆ ಕೆಟ್ಟದ್ದಲ್ಲ. ಹೋದ ವರ್ಷ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿದ ಮೇಲೆ ನಾನು ದಾನಿಗಳ ಯಾದಿಯನ್ನೂ ಎರಡು ಮಾಡಿದೆ. ಬಳ್ಳಾರಿಯದು ಒಂದು, ದಾವಣಗೆರೆಯದು ಒಂದು. ಎರಡನ್ನೂ ಒಟ್ಟಿಗೆ ಹುಡುಕಬೇಕು ಎನ್ನುತ್ತೀರಿ. ಸರಿ. ಆದರೆ ಬರೆದ ರೀತಿ ನೋಡಿ. ಒಂದು ಸಾಲು ಎಡಕ್ಕೆ, ಒಂದು ಬಲಕ್ಕೆ, ಸಂತೆಯಲ್ಲಿ ಬಿಟ್ಟ ಕುರಿಗಳಂತೆ. ಒಳಸಾಲಿಗೆ ನಾಲ್ಕು ಖಾಲಿ ಜಾಗ ಎಂಬುದು ನಮ್ಮ ಎರಡನೆಯ ನಿಯಮ. ನಡುನಡುವೆ 'ಅಲ್ಲಿಗೆ ಜಿಗಿ' ಎಂಬ ಆಜ್ಞೆ ಮೂರು ಕಡೆ ಇದೆ, ಅದು ಪೂರ್ತಿ ನಿಷಿದ್ಧ. ಇನ್ನು ಏಳನೆಯ ನಿಯಮ: ತಿದ್ದುಪಡಿಯ ನೆತ್ತಿಯ ಮೇಲೆ, ಇದನ್ನು ಯಾಕೆ ಮಾಡಿದೆ ಎಂಬ ಕಾರಣ ಒಂದು ಸಾಲಿನಲ್ಲಿರಬೇಕು. ಅದೂ ಇಲ್ಲ.

ನೀವು ಗುಂಪಿಗೆ ಸೇರಿ ನಾಲ್ಕೇ ತಿಂಗಳಾಯಿತು, ಅದಕ್ಕೇ ಹೇಳುತ್ತೇನೆ. ಮೊದಲು ನಮ್ಮಲ್ಲಿ ನಿಯಮಗಳಿರಲಿಲ್ಲ. ಕೂಡ್ಲಿಗಿಯ ಪ್ರವೀಣಕುಮಾರ್ ಅರ್ಧ ಪ್ರೋಗ್ರಾಮು ಒಬ್ಬನೇ ಬರೆದ. ಭಾರೀ ಬುದ್ಧಿವಂತ. ಒಂದು ದಿನ ಮಿಲಿಟರಿ ಸೇರಿ ಹೋಗಿಬಿಟ್ಟ. ಅವನು ಬರೆದದ್ದು ಅವನಿಗೂ ದೇವರಿಗೂ ಮಾತ್ರ ಗೊತ್ತಿತ್ತು. ಅವನು ಪಂಜಾಬಿನಲ್ಲಿದ್ದ, ದೇವರು ಕಾಗದಕ್ಕೆ ಉತ್ತರ ಬರೆಯಲಿಲ್ಲ. ಹತ್ತು ತಿಂಗಳ ಕೆಲಸವನ್ನು ಅಳಿಸಿ ಮೊದಲಿನಿಂದ ಬರೆದೆವು. ಮೂವತ್ತೊಂದು ನಿಯಮಗಳು ಹುಟ್ಟಿದ್ದು ಆ ಸಂಕಟದಿಂದ, ನನ್ನ ಮೇಷ್ಟ್ರಗಿರಿಯಿಂದಲ್ಲ.

ತಿದ್ದಿ ಕಳಿಸಿ. ಒಪ್ಪಿಗೆಯಾದ ದಿನವೇ ಎರಡೂ ಜಿಲ್ಲೆಯ ಯಾದಿಯಿರುವ ಹೊಸ ಫ್ಲಾಪಿ ಇಲ್ಲಿಂದ ಬರುತ್ತದೆ. ಅಲ್ಲಿಯವರೆಗೆ ನಿಮ್ಮ ಮಷೀನಿನಲ್ಲಿ ದಾವಣಗೆರೆ ಯಾದಿಯಷ್ಟೇ.

ನಿಮ್ಮ
ಗುರುಬಸವರಾಜ


ಹರಪನಹಳ್ಳಿ
29 ಜೂನ್ 1998

ಸರ್, ನಮಸ್ಕಾರ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕೇಳಿದ್ದೆ. ಪೂಜಾರಿ ಕೊಟ್ಟೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ ಎಂದು ಗೊತ್ತಿರಲಿಲ್ಲ.

ನಾನು ಎಲ್ಲಿ ಕೂತು ಬರೆಯುತ್ತೇನೆ ಎಂದು ನಿಮಗೆ ತಿಳಿಸಬೇಕು. ನರ್ಸಿಂಗ್ ಹೋಮಿನ ಲ್ಯಾಬು ಎಂದರೆ ಒಂದು ಮೇಜು. ಈ ತುದಿಗೆ ಮೈಕ್ರೋಸ್ಕೋಪು, ಆ ತುದಿಗೆ ಕಂಪ್ಯೂಟರು. ಎರಡು ಸಾಲು ಬರೆಯುವುದರೊಳಗೆ ಒಬ್ಬರು ತೋಳು ಚಾಚಿಕೊಂಡು ಬರುತ್ತಾರೆ. ರಕ್ತ ತೆಗೆದು, ಕೈ ತೊಳೆದು, ತಿರುಗಿ ಬಂದು ಕೂತಾಗ ಎಲ್ಲಿದ್ದೆ ಎಂಬುದೇ ಮರೆತಿರುತ್ತದೆ. ನಾಲ್ಕು ಜಾಗ ಬಿಟ್ಟೆನೋ ಮೂರೋ, ಎಣಿಸುವವರು ಯಾರು? ಮಷೀನಂತೂ ಎಣಿಸುವುದಿಲ್ಲ. ಸುಳ್ಳು ಹೆಸರುಗಳ ಯಾದಿ ಹಾಕಿ ಇಪ್ಪತ್ತು ಸಲ ಓಡಿಸಿ ನೋಡಿದೆ, ಇಪ್ಪತ್ತು ಸಲವೂ ಸರಿಯಾಗಿ ಹುಡುಕಿತು. ಕೆಲಸ ಮಾಡುವುದನ್ನು ಯಾಕೆ ವಾಪಸ್ಸು ಕಳಿಸುತ್ತೀರಿ?

ಹೊಳಲಿನ ಬೊಮ್ಮಪ್ಪನವರ ಕೋಡ್ ಒಂದು ಸಲವೂ ವಾಪಸ್ಸು ಹೋಗಿಲ್ಲವಂತೆ. ಅವರು ಬಿ.ಎಸ್ಸಿ. ಓದಿದವರು. ನಾನು ಟೈಪಿಂಗ್ ಶಾಲೆಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವಳು. ಇದನ್ನು ದೂರು ಎಂದು ತಿಳಿಯಬೇಡಿ.

ತಿದ್ದಿ ಕಳಿಸಿದ್ದೇನೆ. ಜಿಗಿತಗಳನ್ನು ತೆಗೆದಿದ್ದೇನೆ. ಕಾರಣದ ಸಾಲು ಆಮೇಲೆ.

ಅರ್ಚನಾ


ಕೊಟ್ಟೂರು
13 ಜುಲೈ 1998

ಅರ್ಚನಾ ಅವರಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೈಕ್ರೋಸ್ಕೋಪಿನ ಮೇಲೆ ತಪ್ಪು ಹಾಕಬೇಡಿ.

ಬೊಮ್ಮಪ್ಪನ ಕೋಡ್ ಮದುವೆ ಕಾಗದದಷ್ಟು ನೀಟು. ಅದರಿಂದ ಯಾವ ಕೆಲಸವೂ ಆಗುವುದಿಲ್ಲ, ಅದಕ್ಕೇ ವಾಪಸ್ಸು ಹೋಗಿಲ್ಲ. ನಾಳೆ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ, ಈ ಯಾದಿ ಇರಬೇಕು. ಯಾರೋ ಒಬ್ಬ ಅಪರಿಚಿತ ನಿಮ್ಮ ಸಾಲು ಓದಿ, 'ಓಹೋ, ಹೀಗೋ' ಅನ್ನಬೇಕು. ಮಷೀನಿಗೆ ತಿಳಿದರೆ ಸಾಕು ಅನ್ನುವುದು ಪ್ರವೀಣಕುಮಾರನ ಮಾತು.

ಈ ಸಲ ಜಾಗ ಸರಿಯಾಗಿದೆ, ಜಿಗಿತಗಳೂ ಹೋಗಿವೆ. ಆದರೆ ಹೋದ ಸಲ ನಾನು ಗಮನಿಸದಿದ್ದ ಹತ್ತೊಂಬತ್ತನೆಯ ನಿಯಮ ಅಡ್ಡ ಬಂದಿದೆ. ಒಂದು ಜಿಲ್ಲೆಯ ಕಡತ ಇನ್ನೊಂದು ಜಿಲ್ಲೆಯ ಕಡತವನ್ನು ತೆರೆಯಬಾರದು. ಹಿಂದೆ ಎಲ್ಲ ಕಡತಗಳೂ ಎಲ್ಲದರೊಳಗೆ ಕೈ ಹಾಕಿ ಯಾವ ದಾನಿ ಯಾವ ಊರಿನವನು ಎಂಬುದೇ ಕಲಸಿಹೋಗಿತ್ತು, ಅದಕ್ಕೆ ಹಾಕಿದ ಗೋಡೆ ಅದು. ಗುಂಪಿನ ಐವರೂ ಒಪ್ಪದೆ ಅದನ್ನು ಒಡೆಯಲು ನನಗೂ ಅಧಿಕಾರವಿಲ್ಲ. ವಾಪಸ್ಸು ಕಳಿಸುತ್ತಿದ್ದೇನೆ.

ಗುರುಬಸವರಾಜ


ಹರಪನಹಳ್ಳಿ
10 ಆಗಸ್ಟ್ 1998

ಸರ್,

ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ನಮ್ಮೂರಿನಿಂದ ಕೊಟ್ಟೂರು ಹದಿನೆಂಟು ಮೈಲಿ. ದುರುಗಣ್ಣನ ಬಸ್ಸಿಗೆ ಒಂದು ತಾಸು, ಜೀಪಿಗೆ ಮುಕ್ಕಾಲು ತಾಸು. ಇಲ್ಲಿ ಕೂತು ಓ ನೆಗೆಟಿವ್ ಎಂದು ಹುಡುಕಿದರೆ ನಿಮ್ಮ ಪ್ರೋಗ್ರಾಮು ಏನು ಹೇಳುತ್ತದೆ ಗೊತ್ತೇ? ಚನ್ನಗಿರಿಯ ಕಡೆ ಒಬ್ಬರು ಇದ್ದಾರೆ ಎನ್ನುತ್ತದೆ. ಚನ್ನಗಿರಿ ಎಲ್ಲಿ, ನಾವೆಲ್ಲಿ. ಕೊಟ್ಟೂರಿನಲ್ಲಿ ಒಬ್ಬರಾದರೂ ಇರಬಹುದು. ಇರಲಿಕ್ಕಿಲ್ಲ. ನನಗೆ ಹೇಗೆ ಗೊತ್ತಾಗಬೇಕು? ದಾನಿಗಳ ಹೆಸರು ಯಾರಿಗೂ ತಿಳಿಯಬಾರದು, ಬರೀ ಸಂಖ್ಯೆಯಿರಲಿ ಎಂದು ಹನ್ನೆರಡನೆಯ ನಿಯಮ ಮಾಡಿದವರು ನೀವೇ. ರಕ್ತಕ್ಕೆ ತನ್ನ ಜಿಲ್ಲೆ ಬದಲಾಗಿದೆ ಎಂದು ಯಾರು ಹೇಳಿದ್ದಾರೆ?

ಐವರನ್ನೂ ಬೇಗ ಕರೆಯಿರಿ. ದಸರೆಯೊಳಗೆ ಇದು ಆಗಲೇಬೇಕು. ಇದನ್ನು ಮಾತ್ರ ತಮಾಷೆಯಾಗಿ ತೆಗೆದುಕೊಳ್ಳಬೇಡಿ.

ಮನೆಯಲ್ಲಿ ಗದ್ದಲ. ತಂಗಿ ಸುಮಲತಾಳನ್ನು ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದೇವೆ. ಬರುವ ತಿಂಗಳು ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರುತ್ತೇವೆ. ನಮ್ಮವ್ವ ಪಂಪಮ್ಮ ಈಗಲೇ ಅಕ್ಕಿ ಆರಿಸುತ್ತ ಕೂತಿದ್ದಾಳೆ. ನಾನು ರಕ್ತದ ಬಾಟಲಿ, ಸೂಜಿ ಎಂದು ಬಾಯಿ ತೆಗೆದರೆ ಸಾಕು, "ಬಸುರಿ ಬರೋ ಮನಿ ಇದು, ರಕ್ತದ ಮಾತು ಹೊಸ್ತಿಲಾಚಿಗಿಟ್ಟು ಬಾ" ಎಂದು ಗದರುತ್ತಾಳೆ.

ಅರ್ಚನಾ


ಕೊಟ್ಟೂರು
7 ಸೆಪ್ಟೆಂಬರ್ 1998

ಅರ್ಚನಾ ಅವರಿಗೆ,

ನಿನ್ನೆ ಭಾನುವಾರ ನಾಲ್ವರು ಕಾಲೇಜಿನಲ್ಲಿ ಸೇರಿದ್ದೆವು. ನೀವು ಬರಲಿಲ್ಲ, ಕುಬಸದ ಕೆಲಸವಿರಬೇಕು. ಬೊಮ್ಮಪ್ಪ "ಇವತ್ತು ಗ್ವಾಡಿ ಒಡದ್ರ ನಾಳಿ ಮನೀನೇ ಬೀಳ್ತೈತ್ರಿ" ಎಂದು ಎರಡು ತಾಸು ಕೂಗಾಡಿದ. ಕೊನೆಗೆ ಹತ್ತೊಂಬತ್ತನೆಯ ನಿಯಮ ಸಡಿಲವಾಯಿತು. ಗಡಿ ತಾಲ್ಲೂಕಿನವರು ಎರಡೂ ಯಾದಿ ತೆರೆಯಬಹುದು. ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ.

ಹೊಸ ನಿಯಮಕ್ಕೆ ಹೊಂದುವಂತೆ ಬರೆದು ಕಳಿಸಿ. ದಸರೆಯೊಳಗೇ ಯಾಕೆ ಆಗಬೇಕು ಎಂದು ಬೊಮ್ಮಪ್ಪ ಕೇಳಿದ. ನನಗೂ ಗೊತ್ತಿಲ್ಲ ಎಂದೆ. ಆ ಕಾರಣವನ್ನಾದರೂ ಈ ಸಲ ನೆತ್ತಿಯ ಸಾಲಿನಲ್ಲಿ ಬರೆಯಿರಿ. ಎರಡು ಸಲ ಬಿಟ್ಟಿದ್ದೀರಿ. ನಿಮಗಾಗಿ ಒಂದು ನಿಯಮ ಬಗ್ಗಿಸಿಕೊಂಡು, ಇನ್ನೊಂದನ್ನೂ ಮುರಿದರೆ ಉಳಿದವರೆದುರು ನನ್ನ ಮುಖ ಉಳಿಯುವುದಿಲ್ಲ.

ಗುರುಬಸವರಾಜ


ಹರಪನಹಳ್ಳಿ
5 ಅಕ್ಟೋಬರ್ 1998

ಸರ್,

ಫ್ಲಾಪಿಯ ಜೊತೆಗಿರುವ ಡಬ್ಬಿಯಲ್ಲಿ ಹೋಳಿಗೆ ಇದೆ. ಕುಬಸ ಆಗಿ ಮೂರು ವಾರವಾಯಿತು, ಇವು ನಿನ್ನೆ ಮಾಡಿದವು. ಸುಮಲತಾಳಿಗೆ ದಿನಕ್ಕೊಂದು ಬಯಕೆ. ದುರುಗಣ್ಣನಿಗೂ ಎರಡು ಕೊಟ್ಟಿದ್ದೇನೆ, ಹಾಗಾಗಿ ನಿಮ್ಮವು ಎಣಿಕೆಗೆ ಸರಿಯಾಗಿ ತಲುಪಿಯಾವು.

ಇಡೀ ತಿಂಗಳು ಕೂತು ಬರೆದಿದ್ದೇನೆ, ದಸರೆ ದಾಟಿಯೇ ಹೋಯಿತು. ಮೂವತ್ತೊಂದು ನಿಯಮಗಳ ಹಾಳೆಯನ್ನು ಗೋಡೆಗೆ ಅಂಟಿಸಿ ಒಂದೊಂದಕ್ಕೂ ಗುರುತು ಹಾಕುತ್ತ ಬಂದೆ. ನಿಜ ಹೇಳಬೇಕೆಂದರೆ ಈಗ ಓದಲು ಚಂದವಾಗಿದೆ. ಜೂನ್ ತಿಂಗಳಿನದನ್ನು ತೆಗೆದು ನೋಡಿ ನನಗೇ ನಾಚಿಕೆಯಾಯಿತು. ಹಾಗೆಂದು ನೀವು ಗೆದ್ದಿರಿ ಎಂದು ಅಲ್ಲ.

ಕಾರಣದ ಸಾಲು ಮಾತ್ರ ಖಾಲಿ ಬಿಟ್ಟಿದ್ದೇನೆ. ಮರೆತಿಲ್ಲ. ಈ ತಿಂಗಳ ಕೊನೆಗೆ ನಾನೇ ತುಂಬಿ ಕಳಿಸುತ್ತೇನೆ. ಅಲ್ಲಿಯವರೆಗೆ ಖಾಲಿಯಿರಲು ಬಿಡಿ. ಹೊಸ ಫ್ಲಾಪಿಯನ್ನು ಈ ವಾರವೇ ಕಳಿಸಿ.

ಅರ್ಚನಾ


ಕೊಟ್ಟೂರು
11 ಅಕ್ಟೋಬರ್ 1998, ಭಾನುವಾರ

ಅರ್ಚನಾ ಅವರಿಗೆ,

ಹೋಳಿಗೆ ಎಣಿಕೆಗೆ ಸರಿಯಾಗಿ ಬಂದವು. ಫ್ಲಾಪಿಗೆ ಒಂಚೂರು ತುಪ್ಪ ತಾಗಿತ್ತು, ಒರೆಸಿದೆ, ಓದಿತು.

ಇವತ್ತು ಕಾಲೇಜಿಗೆ ರಜೆ. ಬೆಳಿಗ್ಗೆಯಿಂದ ಮನೆಯ ಕಟ್ಟೆಯ ಮೇಲೆ ಕೂತು ನಿಮ್ಮ ಕೋಡನ್ನು ಮುದ್ರಿಸಿದ ಹಾಳೆಯಲ್ಲಿ ಓದಿದೆ. ಮೂರು ಸಲ ಓದಿದೆ. ಈ ನಾಲ್ಕು ವರ್ಷದಲ್ಲಿ ಐದು ತಾಲ್ಲೂಕಿನಿಂದ ಬಂದ ಕೋಡಿನಲ್ಲಿ ಇಷ್ಟು ಸ್ವಚ್ಛವಾದದ್ದು ಇನ್ನೊಂದಿಲ್ಲ. ಬಿ.ಎಸ್ಸಿ.ಯ ಮಾತು ಎತ್ತಿದ್ದಿರಲ್ಲ, ಈಗ ಹೇಳುತ್ತೇನೆ. ನಿಮ್ಮದನ್ನು ಮತ್ತೆ ಮತ್ತೆ ವಾಪಸ್ಸು ಕಳಿಸಿದ್ದು ಅದೊಂದೇ ತಿದ್ದಲು ಯೋಗ್ಯವಾಗಿತ್ತು ಅಂತ.

ಆದರೂ ವಾಪಸ್ಸು ಕಳಿಸುತ್ತಿದ್ದೇನೆ. ಸಿಟ್ಟಾಗಬೇಡಿ. ಒಂದೇ ಒಂದು ಸಾಲು. ಯಾಕೆ ಮಾಡಿದಿರಿ ಎಂದು ಬರೆಯಿರಿ, ಬುಧವಾರ ಎರಡೂ ಜಿಲ್ಲೆಯ ಯಾದಿ ನಿಮ್ಮ ಮೇಜಿನ ಮೇಲಿರುತ್ತದೆ. ಕಾರಣ ಬರೆಯಲು ಇಷ್ಟು ಹಟವೇಕೆ? ಹುಟ್ಟುಹಟಮಾರಿ ಎಂದು ಪಂಪಮ್ಮನವರಿಗೆ ದೂರು ಬರೆಯುತ್ತೇನೆ.

ಎದುರಿಗೆ ಏಕಾಂತಪ್ಪನ ಕಿರಾಣಿ ಅಂಗಡಿ. ನನ್ನ ಮನೆಗೆ ಫೋನಿಲ್ಲ, ಬೇಕಾದವರಿಗೆ ಅವನ ನಂಬರನ್ನೇ ಕೊಡುತ್ತೇನೆ, ಬಂದರೆ ಅಲ್ಲಿಂದಲೇ ಕೂಗುತ್ತಾನೆ. ಇವತ್ತು ಬೆಳಿಗ್ಗೆಯಿಂದ ನಾಲ್ಕು ಗಂಟೆಯವರೆಗೆ ಆ ಫೋನು ಒಮ್ಮೆಯೂ ಬಾರಿಸಲಿಲ್ಲ. ಹಾಗಾಗಿ ಇಷ್ಟು ನೆಮ್ಮದಿಯಾಗಿ ಬರೆಯಲು ಸಾಧ್ಯವಾಯಿತು.

ತಂಗಿಗೆ ಸುಖವಾಗಿ ಹೆರಿಗೆಯಾಗಲಿ.

ಗುರುಬಸವರಾಜ


ಕೊಟ್ಟೂರು
13 ಅಕ್ಟೋಬರ್ 1998

ಅರ್ಚನಾ,

ನಿನ್ನೆ ಕಳಿಸಿದ ಕವರನ್ನು ದುರುಗಣ್ಣ ಹಾಗೇ ತಿರುಗಿ ತಂದ. "ಕೊಡಾಕ ಮನಸು ಬರಲಿಲ್ರಿ ಸರ, ಅವ್ರ ಮನಿ ಮುಂದ ಮಂದಿ ನೆರದೈತಿ. ಹೋಗಿದ್ದು ಯಾರಂತ ಕೇಳಾಕ ಬಾಯಿ ಬರಲಿಲ್ಲ" ಅಂದ. ನಾನು ತಾಯಿಯವರಿರಬೇಕು ಎಂದುಕೊಂಡೆ. ಆಮೇಲೆ ಬೇರೆ ಯೋಚನೆ ಬಂತು. ಅದನ್ನು ಬರೆಯಲಾರೆ.

ಕೋಡಿನ ವಿಷಯ ಬಿಡಿ. ಒಂದು ಕಾರ್ಡು ಹಾಕಿ, ಅಷ್ಟು ಸಾಕು.

ಗುರುಬಸವರಾಜ


ಹರಪನಹಳ್ಳಿ
1 ನವೆಂಬರ್ 1998

ಸರ್,

ಸುಮಲತಾ ಹೋದಳು. ಇಪ್ಪತ್ತಮೂರು ವರ್ಷ. ಅಕ್ಟೋಬರ್ ಹನ್ನೊಂದು, ಭಾನುವಾರ.

ಬೆಳಿಗ್ಗೆ ಹತ್ತೂವರೆಗೆ ಹೆರಿಗೆಯಾಯಿತು. ಹೆಣ್ಣುಮಗು, ಚೆನ್ನಾಗಿದೆ. ಆಮೇಲೆ ರಕ್ತ ನಿಲ್ಲಲಿಲ್ಲ. ಅವಳದು ಓ ನೆಗೆಟಿವ್. ಅದು ನನಗೆ ಜೂನ್ ತಿಂಗಳಿನಿಂದ ಗೊತ್ತು, ಪರೀಕ್ಷೆ ಮಾಡಿದವಳೇ ನಾನು. ದಾವಣಗೆರೆಗೆ ಫೋನು ಮಾಡಿದರೆ ಆ ಗುಂಪಿನ ರಕ್ತ ಈಗಿಲ್ಲ, ದಾನಿಯನ್ನು ಜೊತೆಗೇ ಕರೆದುಕೊಂಡು ಬನ್ನಿ ಎಂದರು. ಜೀಪು ಬಾಗಿಲಿಗೆ ಬಂದು ನಿಂತಿತ್ತು. ನಾನು ಲ್ಯಾಬಿಗೆ ಓಡಿ ನಮ್ಮ ಪ್ರೋಗ್ರಾಮಿನಲ್ಲಿ ಹುಡುಕಿದೆ. ಚನ್ನಗಿರಿಯ ಕಡೆಯವರು ಒಬ್ಬರು ಎಂದಿತು. ಅವರ ಊರಿಗೆ ಫೋನು ಮಾಡಿದೆ, ಹೊಲದಲ್ಲಿದ್ದರು. ಪುಣ್ಯಾತ್ಮರು, ಹೊಲದಿಂದ ಹಾಗೇ ಹೊರಟು ಸಂಜೆ ಆರಕ್ಕೆ ದಾವಣಗೆರೆಗೆ ಬಂದು ನಿಂತರು. ಅವಳು ನಾಲ್ಕಕ್ಕೇ ಹೋಗಿದ್ದಳು. ಅವರು ಕಟ್ಟೆಯ ಮೇಲೆ ಕೂತು ಅತ್ತರು, ನನಗೆ ಅಳಲೂ ಬರಲಿಲ್ಲ.

ಹೊರಡುವ ಮುಂಚೆ ನಿಮ್ಮ ಕಾಲೇಜಿಗೆ ಹನ್ನೊಂದು ಸಲ ಫೋನು ಮಾಡಿದೆ. ಬಳ್ಳಾರಿ ಯಾದಿಯಲ್ಲಿ ಯಾರಾದರೂ ಇದ್ದಾರಾ ಎಂದು ಒಂದು ಮಾತು ಕೇಳಲು. ನಿಮ್ಮದೆಂದು ನನ್ನ ಬಳಿ ಇದ್ದ ನಂಬರು ಅದೊಂದೇ. ಬಾರಿಸುತ್ತಲೇ ಇತ್ತು.

ಕಾರಣ ಯಾಕೆ ಬರೆಯಲಿಲ್ಲ ಎಂದು ಈಗ ಹೇಳುತ್ತೇನೆ. ಅವ್ವ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. "ಬಸುರಿ ಹೆಸ್ರು ರಕ್ತದ ಜೊತಿಗೆ ಎಲ್ಲೂ ಬರೀಬ್ಯಾಡ. ಬರ್ದಿದ್ದು ಬಂದೇ ಬರ್ತತಿ" ಅಂದಳು. ನಾನು ದಿನಕ್ಕೆ ಇಪ್ಪತ್ತು ಜನರ ರಕ್ತ ನೋಡುವವಳು, ಅದನ್ನೆಲ್ಲ ನಂಬುವವಳಲ್ಲ. ಆದರೂ ಕೈ ಓಡಲಿಲ್ಲ. ಹೆರಿಗೆಯಾದ ಮೇಲೆ ಬರೆದರಾಯಿತು ಎಂದುಕೊಂಡೆ. ಇನ್ನೊಂದೂ ಇತ್ತು. ಮನೆಯವರಿಗಾಗಿ ಎಂದು ತಿಳಿದರೆ ನೀವು ಕನಿಕರಪಟ್ಟು ಒಪ್ಪಿಬಿಡುತ್ತೀರಿ. ನನಗೆ ಆ ಒಪ್ಪಿಗೆ ಬೇಕಿರಲಿಲ್ಲ. ನನ್ನ ಕೋಡ್ ಚೆನ್ನಾಗಿದೆ ಎಂದು ಒಪ್ಪಬೇಕಿತ್ತು. ನನ್ನ ಜಂಬ ನೋಡಿ.

ಹಗರಿಬೊಮ್ಮನಹಳ್ಳಿಯಲ್ಲಿಯೇ ಹೆತ್ತಿದ್ದರೆ ಅವಳ ಹೆಸರಿಗೆ ಬಳ್ಳಾರಿ ಯಾದಿ ತೆರೆಯುತ್ತಿತ್ತು. ತವರು ಎಂದು ನಾವೇ ಕರೆತಂದೆವು.

ಒಂದು ಕೇಳಬೇಕು. ಉತ್ತರ ಯಾವುದಾದರೂ ಸರಿ, ನಿಜ ಬರೆಯಿರಿ. ಕೊಟ್ಟೂರಿನಲ್ಲಿ ಆ ಗುಂಪಿನವರು ಯಾರಾದರೂ ಇದ್ದರೇ? ಇರಲಿಲ್ಲ ಎಂದರೆ ನಾನು ಹೇಗೋ ಬದುಕುತ್ತೇನೆ.

ಅರ್ಚನಾ


ಕೊಟ್ಟೂರು
9 ನವೆಂಬರ್ 1998

ಅರ್ಚನಾ,

ಐದು ದಿನದಿಂದ ಈ ಪತ್ರ ಬರೆದು ಹರಿಯುತ್ತಿದ್ದೇನೆ. ಮೂರು ಕಾಗದಗಳಲ್ಲಿ 'ಇರಲಿಲ್ಲ' ಎಂದು ಬರೆದಿದ್ದೆ. ನಿಜ ಬರೆಯಿರಿ ಎಂದಿದ್ದೀರಿ.

ಇದ್ದ. ಬಳ್ಳಾರಿ ಯಾದಿಯ ಒಂದನೆಯ ಸಂಖ್ಯೆ ನಾನೇ.

ಈ ಕೆಲಸ ಶುರುಮಾಡಿದ್ದೇ ನನ್ನ ರಕ್ತ ಅಪರೂಪದ್ದು ಎಂದು ತಿಳಿದ ಮೇಲೆ. ಹೆಚ್ಚುಗಾರಿಕೆ ಕಾಣಬಾರದು ಎಂದು ಯಾರಿಗೂ ಹೇಳಲಿಲ್ಲ, ಬರೀ ಸಂಖ್ಯೆಯಿರಲಿ ಎಂದು ನಿಯಮ ಮಾಡಿದೆ. ಆ ಸಂಖ್ಯೆಯ ಎದುರಿಗಿರುವುದು ಏಕಾಂತಪ್ಪನ ಅಂಗಡಿಯ ಫೋನು. ಆ ಭಾನುವಾರ ಅದು ಬಾರಿಸಲಿಲ್ಲ ಎಂದು ನಿಮಗೆ ಬರೆದಿದ್ದೆ. ಆ ಕವರು ನಿಮಗೆ ಮುಟ್ಟಲಿಲ್ಲ, ಇನ್ನೂ ನನ್ನ ಹತ್ತಿರವೇ ಇದೆ. ನಿಮ್ಮ ತಂಗಿಗೆ ಜೀಪು ಕಾಯುತ್ತಿದ್ದ ಹೊತ್ತಿಗೆ ನಾನು ಕಟ್ಟೆಯ ಮೇಲೆ ಕೂತು ನಿಮ್ಮ ಕೋಡಿನ ಖಾಲಿ ಜಾಗ ಎಣಿಸುತ್ತಿದ್ದೆ. ನಿಮ್ಮನ್ನು ಹಟಮಾರಿ ಎಂದು ಬರೆಯುತ್ತಿದ್ದೆ. ನಿಮ್ಮ ಮನೆಯ ಹೋಳಿಗೆ ತಿಂದಿದ್ದೆ.

ಕಾರಣದ ಸಾಲನ್ನು ನಾನೇ ಬರೆಯಬಹುದಿತ್ತು. 'ಹರಪನಹಳ್ಳಿಗೆ ಕೊಟ್ಟೂರು ಹತ್ತಿರ.' ಮೂರು ಪದ. ಅಕ್ಟೋಬರ್ ಐದನೆಯ ತಾರೀಖು ನೀವು ಕಳಿಸಿದ್ದು ಆರನೆಯ ತಾರೀಖು ಕೈ ಸೇರಿತು. ಏಳಕ್ಕೆ ಫ್ಲಾಪಿ ಕಳಿಸಿದ್ದರೆ ಎಂಟಕ್ಕೆ ನಿಮ್ಮ ಮೇಜಿನ ಮೇಲಿರುತ್ತಿತ್ತು. ಬೊಮ್ಮಪ್ಪ ಏನೆನ್ನುತ್ತಾನೋ ಎಂದು ಅಂಜಿದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಬಳಿಯೂ ಇಲ್ಲ.

ನಿಮ್ಮ ತಿದ್ದುಪಡಿಯನ್ನು ಇದ್ದದ್ದು ಇದ್ದಹಾಗೆ ಒಪ್ಪಿ, ಎರಡೂ ಯಾದಿಯಿರುವ ಫ್ಲಾಪಿ ಇದರೊಡನೆ ಕಳಿಸುತ್ತಿದ್ದೇನೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಿಯಮಗಳ ಹಾಳೆಯನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದೆ. ಇನ್ನು ಮೇಲೆ ಯಾರು ಹೇಗೆ ಬೇಕಾದರೂ ಬರೆಯಲಿ, ಏನೂ ವಾಪಸ್ಸು ಹೋಗುವುದಿಲ್ಲ.

ನನ್ನ ಮೈಯಲ್ಲಿ ಈ ರಕ್ತ ಸುಮ್ಮನೆ ತಿರುಗುತ್ತಿದೆ. ಅದನ್ನು ಇಟ್ಟುಕೊಂಡು ಏನು ಮಾಡಲಿ, ನನಗೆ ತಿಳಿಯುತ್ತಿಲ್ಲ.

ಗುರುಬಸವರಾಜ


ಹರಪನಹಳ್ಳಿ
23 ನವೆಂಬರ್ 1998

ಸರ್,

ನೀವು ಒಪ್ಪಿ ಕಳಿಸಿದ ಫ್ಲಾಪಿಯನ್ನು ವಾಪಸ್ಸು ಕಳಿಸುತ್ತಿದ್ದೇನೆ. ಏಳನೆಯ ನಿಯಮದ ಸಾಲು ಖಾಲಿ ಇತ್ತು.

ನಿಮ್ಮ ಪತ್ರವನ್ನು ಅವ್ವನಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ. ನಿಮ್ಮನ್ನು ಬೈಯಬೇಕೆಂದು ಎರಡು ವಾರ ಮಾತು ಹುಡುಕಿದೆ. ಬೈದ ಮಾತೆಲ್ಲ ತಿರುಗಿ ನನಗೇ ತಗಲುತ್ತದೆ. ನೀವು ಒಂದು ಸಾಲು ಕೇಳಿದಿರಿ, ನಾನು ಕೊಡಲಿಲ್ಲ. ನಾನು ಒಂದು ಸಾಲು ಬಿಡಿ ಎಂದೆ, ನೀವು ಬಿಡಲಿಲ್ಲ. ಇಬ್ಬರ ನಡುವೆ ಅವಳು ಹೋದಳು. ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ.

ಹಾಳೆ ಸುಡಬಾರದಿತ್ತು. ನನ್ನ ಗೋಡೆಯ ಮೇಲಿದ್ದದ್ದನ್ನು ಮಡಿಸಿ ಇದರೊಳಗೆ ಇಟ್ಟಿದ್ದೇನೆ, ಅಂಟಿಸಿಕೊಳ್ಳಿ. ನಾಳೆ ಯಾರೋ ಅಪರಿಚಿತ ಓದಬೇಕು ಎಂದಿರಲ್ಲ, ಅದು ಸರಿಯಾದ ಮಾತು. ಈ ತಿದ್ದುಪಡಿಯನ್ನು ಅವನು ಓದಲಿ. ನಾನು ಇನ್ನು ಗುಂಪಿನಲ್ಲಿ ಇರುವುದಿಲ್ಲ. ಮಗುವಿಗೆ ಹಾಲು ಕುಡಿಸುವ ಕೆಲಸವಿದೆ.

ಆ ಸಾಲನ್ನು ತುಂಬಿದ್ದೇನೆ. ನಾಲ್ಕು ಜಾಗ ಬಿಟ್ಟು, ಒಂದೇ ಸಾಲಿನಲ್ಲಿ. ಹನ್ನೆರಡನೆಯ ನಿಯಮದ ಪ್ರಕಾರ ಯಾರ ಹೆಸರೂ ಬರೆಯಬಾರದು, ಅದೊಂದನ್ನು ಮುರಿದಿದ್ದೇನೆ. ಈ ಸಲ ವಾಪಸ್ಸು ಕಳಿಸಬೇಡಿ.

    ಕಾರಣ: ಸುಮಲತಾಳಿಗೆ ಬೇಕಾದ ರಕ್ತ ಹದಿನೆಂಟು ಮೈಲಿ ದೂರದಲ್ಲಿತ್ತು.

ಅರ್ಚನಾ